ಸೀಮೆಸುಣ್ಣದ ಗೆರೆ

ತೊಟ್ಟಿಯ ನೀರಿನಲ್ಲಿ ಟ್ಯೂಬನ್ನು ಅದ್ದಿ, ಗೇಣು ಗೇಣಾಗಿ ತಿರುಗಿಸುತ್ತ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಪಂಚರಜ್ಜಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಬೆಳಗಿನಿಂದ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಅಂಗಡಿಯ ಶಟರಿನ ಅಂಚಿನಿಂದ ಬೀಳುವ ಹನಿಗಳು ತೊಟ್ಟಿಯಲ್ಲಿ ಸುಳ್ಳು ಗುಳ್ಳೆ ಎಬ್ಬಿಸುತ್ತಿದ್ದವು. ಅವಳು ತೊಟ್ಟಿಯನ್ನು ಕಾಲಿನಿಂದ ಒಳಕ್ಕೆ ತಳ್ಳಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಹಳೆಯ ಟೈರುಗಳ ಅಟ್ಟಿಯ ಮೇಲೆ ಟಪಾಲಿನವಳು ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಮಡಿಲಲ್ಲಿ ಕಾಗದದ ಚೀಲ, ಪಕ್ಕದಲ್ಲಿ ನೀರು ಸೋರುವ ಹೆಲ್ಮೆಟ್ಟು. ಅವಳ ಮೋಟಾರ್‌ಸೈಕಲ್ಲು ಹಿಂದಿನ ಚಕ್ರ ಕಳಚಿಕೊಂಡು, ಸ್ಟ್ಯಾಂಡಿನ ಮೇಲೆ ಕುಂಟನ ಹಾಗೆ ನಿಂತಿತ್ತು.

"ಅಜ್ಜಿ, ಅದಕ್ಕೆ ಸ್ನಾನ ಮಾಡಿಸ್ತಾ ಇದೀರೋ, ತೂತು ಹುಡುಕ್ತಾ ಇದೀರೋ?"

"ಸುಮ್ನೆ ಕೂತ್ಕೊಳ್ಳೇ. ಇದು ನಿನ್ನ ಹಾಗೆ ಬಡಬಡ ಅನ್ನಲ್ಲ. ಎಲ್ಲಿ ನೋವು ಅಂತ ಮೆತ್ತಗೆ ಹೇಳುತ್ತೆ. ಕಾಯ್ಬೇಕು."

"ಐದು ಗಂಟೆಗೆ ಕಾಗದದ ವ್ಯಾನ್ ಹೊರಟುಬಿಡುತ್ತೆ. ಅದು ನಿಮ್ಮ ಟ್ಯೂಬಿನಷ್ಟು ಸಾಧು ಅಲ್ಲ."

ಸಾಸಿವೆಕಾಳಿನಷ್ಟು ಸಣ್ಣ ಗುಳ್ಳೆಗಳ ಸಾಲೊಂದು ಎದ್ದಿತು. ಅಜ್ಜಿ ಆ ಜಾಗಕ್ಕೆ ಹೆಬ್ಬೆರಳು ಒತ್ತಿ, ಟ್ಯೂಬನ್ನು ಮೇಲೆತ್ತಿ, ಬೆಂಕಿಕಡ್ಡಿಯ ತುದಿಯನ್ನು ತೂತಿಗೆ ಸಿಕ್ಕಿಸಿದಳು.

"ಎಲ್ಲಾ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಾರೆ. ನೀವೊಬ್ರೇ ಕಡ್ಡಿ ಚುಚ್ಚೋದು," ಎಂದಳು ಟಪಾಲಿನವಳು.

"ಈ ಅಂಗಡೀಲಿ ಸೀಮೆಸುಣ್ಣ ಇಡಲ್ಲ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಅಜ್ಜಿ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಪಕ್ಕದ ಊರಿನಲ್ಲಿ ಮಗಳ ಮನೆಯಲ್ಲಿರುವ ಅಕ್ಕ. ಅಕ್ಕ ಫೋನು ಮಾಡುವುದು ವಾರಕ್ಕೊಮ್ಮೆ, ಭಾನುವಾರ. ಇವತ್ತು ಭಾನುವಾರವಲ್ಲ.

"ಕೆಲ್ಸದಲ್ಲಿದೀಯೇನೇ? ಇದ್ರೆ ಮುಗಿಸ್ಕೋ, ನಿಧಾನಕ್ಕೆ ಮುಗಿಸ್ಕೋ. ನಾನು ಆಮೇಲೆ ಮಾಡ್ತೀನಿ."

"ಇಲ್ಲ ಅಕ್ಕ, ಹೇಳು. ಏನಾಯ್ತು?"

"ಮೊಮ್ಮಗಳು ಕಾಲು ಸುಟ್ಕೊಂಡ್ಳು ಕಣೇ. ಗಾಬರಿಯಾಗ್ಬೇಡ. ಪಾದದ ಮೇಲೆ ಅಂಗೈಯಗಲ. ಡಾಕ್ಟ್ರು ಪಟ್ಟಿ ಕಟ್ಟಿದಾರೆ." ಅಕ್ಕ ದನಿ ತಗ್ಗಿಸಿದಳು. "ಒಲೆ ಮೇಲೆ ಬಿಸಿನೀರಿತ್ತು. ಪಾತ್ರೆ ಓರೆಯಾಗ್ತಾ ಇದ್ದದ್ದು ನನ್ನ ಕಣ್ಣಿಗೇ ಬಿತ್ತು. ಮಗು ಅಲ್ಲೇ ಕೆಳಗೆ ಕೂತು ಬಣ್ಣ ಹಚ್ತಾ ಇದ್ಳು. 'ಬೇಗ ಏಳೇ' ಅಂದಿದ್ರೆ ಸಾಕಿತ್ತು. ನಾಲಿಗೆ ಹೊರಳಲೇ ಇಲ್ಲ. ಬಾಯಿ ತೆರ್ಕೊಂಡು ನಿಂತೇ ಇದ್ದೆ, ಗೊಂಬೆ ಥರ."

"ಅಕ್ಕ..."

"ಆ ಮಾತು ಆಡಿ ಒಬ್ಬನ್ನ ಕಳ್ಕೊಂಡೆ. ಆಡದೆ ಇವಳ ಕಾಲು ಸುಟ್ಟೆ. ಮಗಳು ಏನೂ ಅನ್ಲಿಲ್ಲ, ನೋಡಿದ್ಳು ಅಷ್ಟೆ. ಇನ್ಮೇಲೆ ಮಗೂನ ನನ್ನ ಹತ್ರ ಒಬ್ಬಳನ್ನೇ ಬಿಡಲ್ಲ ಅವಳು. ನನಗೆ ಗೊತ್ತು. ಸರಿ, ಇಡ್ತೀನಿ. ನಿನಗೆ ಕೆಲ್ಸ ಇದೆ."

ಫೋನು ಸುಮ್ಮನಾಯಿತು. ಅಜ್ಜಿ ಬಹಳ ಹೊತ್ತು ಅದನ್ನು ಕಿವಿಯಿಂದ ತೆಗೆಯಲಿಲ್ಲ.

ಬೇಗ ಎಂಬ ಮಾತನ್ನು ಅಕ್ಕ ಬಿಟ್ಟು ಹತ್ತು ವರ್ಷವಾಗಿತ್ತು. ಬಸ್ಸಿಗೆ ಎರಡು ಗಂಟೆ ಮುಂಚೆ ಹೋಗಿ ಕೂರುತ್ತಿದ್ದಳು, ಯಾರಿಗೂ ಹೊತ್ತಾಯಿತು ಎಂದು ಹೇಳುವ ಪ್ರಸಂಗ ಬರಬಾರದೆಂದು. ಮೊಮ್ಮಗಳನ್ನು ಊಟಕ್ಕೆ ಕರೆಯುವಾಗಲೂ ಒಂದೇ ಸಲ ಕರೆದು, ತಟ್ಟೆಯ ಮುಂದೆ ಕಾದು ಕೂರುತ್ತಿದ್ದಳು. ಮನೆಯವರು ಇದನ್ನು ವಯಸ್ಸಾದವರ ಹಟ ಎಂದುಕೊಂಡಿದ್ದರು. ಯಾಕೆ ಎಂದು ತಿಳಿದಿದ್ದವಳು ತಂಗಿ ಒಬ್ಬಳೇ. ಅದು ಸುಳ್ಳು ಭಾರವೆಂದು ತಿಳಿದಿದ್ದವಳೂ ಅವಳೊಬ್ಬಳೇ.

ಅಕ್ಕನಿಗೊಬ್ಬ ಮಗನಿದ್ದ. ಹುಟ್ಟಿದ ಮೇಲೆ ಒಂದು ಕಡೆ ಕೂತವನಲ್ಲ. ಅದಕ್ಕೇ ಎಲ್ಲರೂ ಬುಗುರಿ ಎಂದು ಕರೆಯುತ್ತಿದ್ದರು. ದೊಡ್ಡವನಾದ ಮೇಲೆ ಕೆಲಸವೂ ಹಾಗೇ ಸಿಕ್ಕಿತು. ರಕ್ತನಿಧಿಯಿಂದ ಆಸ್ಪತ್ರೆಗಳಿಗೆ ತಣ್ಣನೆಯ ಪೆಟ್ಟಿಗೆಯಲ್ಲಿ ರಕ್ತ ಒಯ್ಯುವುದು, ಮೋಟಾರ್‌ಸೈಕಲ್ಲಿನ ಮೇಲೆ, ಬಿಸಿಲಿರಲಿ ಮಳೆಯಿರಲಿ. ಜೋರಾಗಿಯೇ ಓಡಿಸುತ್ತಿದ್ದ. ಆದರೆ ಬೀಳುವವನ ಜೋರಲ್ಲ ಅದು. ಪಂಚರಜ್ಜಿಗೆ ಮಕ್ಕಳಿರಲಿಲ್ಲ. ಅಕ್ಕನ ಮಗ ತನ್ನ ಮಗನೇ ಎಂದುಕೊಂಡವಳು. ಆಗಿನ್ನೂ ಅವಳು ಪಂಚರಜ್ಜಿಯಾಗಿರಲಿಲ್ಲ. ಟೈರಿನ ಕೆಲಸವೆಲ್ಲ ಗಂಡನದು, ಅಂಗಡಿಯ ಮುಂದೆ ಗಾಡಿ ತೊಳೆಯುವ ಕೆಲಸ ಇವಳದು.

ಒಮ್ಮೆ ಕಣ್ಣಿನ ಡಾಕ್ಟರ ಬಳಿಗೆ ಹೋಗಬೇಕಾದಾಗ ಬುಗುರಿ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದ. ಅರ್ಧ ದಾರಿಯಲ್ಲಿ ಮಳೆ ಸುರಿಯತೊಡಗಿತು.

"ಚಿಕ್ಕಮ್ಮ, ಭಯ ಆದ್ರೆ ಬೆನ್ನು ಗುದ್ದು."

"ನಿನ್ನ ಬೆನ್ನು ನಾನು ಆಗ್ಲೇ ಬೇಕಾದಷ್ಟು ಗುದ್ದಿದೀನಿ. ನೀನು ರಸ್ತೆ ನೋಡು."

ಅವನು ಗಾಳಿಯ ಸದ್ದನ್ನೂ ಮೀರಿ ಕೂಗಿ ಕೂಗಿ ಅವಳಿಗೆ ಪಾಠ ಹೇಳಿದ. ಮಳೆಯ ಮೊದಲ ಹತ್ತು ನಿಮಿಷವೇ ಕೆಟ್ಟದ್ದು, ರಸ್ತೆಯ ಎಣ್ಣೆಯೆಲ್ಲ ತೇಲಿ ಬರುತ್ತದೆ. ಬಿಳಿ ಪಟ್ಟೆಯ ಮೇಲೆ ಚಕ್ರ ಇಡಬಾರದು, ಚರಂಡಿಯ ಕಬ್ಬಿಣದ ಮುಚ್ಚಳದ ಮೇಲಂತೂ ಕೂಡದು. ಮುಂದಿನ ಕಾರಿನ ಗಾಲಿ ನೀರು ಒರೆಸಿಕೊಂಡು ಹೋದ ಜಾಡಿನಲ್ಲೇ ಹೋಗಬೇಕು. ತಿರುವಿಗೆ ಮುಂಚೆ ವೇಗ ಇಳಿಸಿ ಮುಗಿಸಬೇಕು, ತಿರುವಿನೊಳಗೆ ಬ್ರೇಕು ಮುಟ್ಟಬಾರದು. "ಒದ್ದೇಲಿ ಗಾಡೀನ ಬಿಗಿಯಾಗಿ ಹಿಡೀಬಾರ್ದು ಚಿಕ್ಕಮ್ಮ. ಹಕ್ಕಿಮರಿ ಹಿಡಿದ ಹಾಗೆ ಹಿಡೀಬೇಕು." ಹೇಳುತ್ತಲೇ ನೇರ ರಸ್ತೆಗೆ ಬಂದ. ಎರಡೂ ಕಡೆ ನೀರು ರೆಕ್ಕೆಯ ಹಾಗೆ ಎದ್ದಿತು. ಹನಿಗಳು ಮುಖಕ್ಕೆ ಮರಳು ಎರಚಿದಂತೆ ಹೊಡೆಯುತ್ತಿದ್ದವು. ಐವತ್ತಾರು ವರ್ಷದ ಹೆಂಗಸು, ಕಣ್ಣು ಮುಚ್ಚಿಕೊಂಡು, ಅವನ ಸೊಂಟ ಹಿಡಿದುಕೊಂಡು, "ಇನ್ನೂ ಸ್ವಲ್ಪ ಜೋರಾಗಿ ಹೋಗೋ!" ಎಂದು ಕೂಗಿದಳು. ಹಾಗೆ ಕೂಗಿದ್ದನ್ನು ಅವಳು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಆ ಮಳೆಗಾಲದಲ್ಲೇ ಬುಗುರಿ ಎಲ್ಲಿಂದಲೋ ಒಂದು ಹೊಸ ಕ್ರಮ ಕಲಿತು ಬಂದು ಚಿಕ್ಕಪ್ಪನಿಗೆ ಹೇಳಿಕೊಟ್ಟ. ಹೊಸ ಟೈರು ಅಚ್ಚಿನಿಂದ ಬರುವಾಗ ಮೈಮೇಲೆ ಜಿಡ್ಡಿನ ತೆಳುಪೊರೆ ಇರುತ್ತದೆ. ಒಣ ರಸ್ತೆಯಲ್ಲಿ ಅರವತ್ತು ಎಪ್ಪತ್ತು ಮೈಲಿ, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲಿಸಿ ಓಡಿಸಿದ ಮೇಲೇ ಆ ಪೊರೆ ಸವೆದು, ಟೈರು ರಸ್ತೆಯನ್ನು ಕಚ್ಚಿ ಹಿಡಿಯುವುದು. ಅಲ್ಲಿಯತನಕ ಒದ್ದೆಯಲ್ಲಿ ವಾಲಿಸಿದರೆ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಇದು ಎಲ್ಲ ಟೈರಿನವರಿಗೂ ಗೊತ್ತು. ಬುಗುರಿ ತಂದದ್ದು ಗುರುತು. ಟೈರಿನ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆಯುವುದು. ಓಡಿಸುತ್ತ ಹೋದಂತೆ ಗೆರೆ ನಡುವಿನಿಂದ ಅಳಿಯುತ್ತ ಅಂಚಿಗೆ ಬರುತ್ತದೆ. ಅಂಚಿನಲ್ಲೂ ಅಳಿಯಿತೆಂದರೆ ಪೊರೆ ಹೋಯಿತು, ಗಾಡಿ ಮಳೆಗೆ ತಯಾರು. ಬುಗುರಿಯ ಗಾಡಿಗೆ ಹೊಸ ಟೈರು ಹಾಕಿದಾಗಲೆಲ್ಲ ಚಿಕ್ಕಪ್ಪನೇ ಬಿಡುವು ನೋಡಿಕೊಂಡು ಓಡಿಸಿ ಕೊಡುವುದೆಂದು ಇಬ್ಬರಿಗೂ ಒಪ್ಪಂದವಾಗಿತ್ತು. ಗೆರೆ ಇದ್ದರೆ ಇಲ್ಲ, ಇಲ್ಲದಿದ್ದರೆ ಹೌದು. ಮಾತೇ ಬೇಕಿರಲಿಲ್ಲ. ಈ ಒಪ್ಪಂದವನ್ನು ಗಾಡಿ ತೊಳೆಯುವವಳಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ದಿನ ಗಂಡ ಸಾಮಾನು ತರಲು ಬೆಳಿಗ್ಗೆಯೇ ಪೇಟೆಗೆ ಹೋಗಿದ್ದ. ಬುಗುರಿಯ ಗಾಡಿ ಹೊಸ ಟೈರು ಹಾಕಿಸಿಕೊಂಡು ಹಿಂದಿನ ಸಂಜೆಯಿಂದ ಅಂಗಡಿಯ ಮುಂದೆ ನಿಂತಿತ್ತು. ಮೈಯೆಲ್ಲ ಕೆಸರು. ಮಗ ಬರುವುದರೊಳಗೆ ಚೊಕ್ಕ ಮಾಡಿಡೋಣ ಎಂದು ಇವಳು ಬಕೆಟ್ಟು, ಬ್ರಶ್ಶು, ಸೋಪು ಹಿಡಿದು ಕೂತಳು. ಟೈರಿನ ಮೇಲೆ ಸುಣ್ಣದ ಗೆರೆ ಕಂಡಿತು. ಗಂಡ ಟೈರುಗಳ ಮೇಲೆ ಅಳತೆಯೋ ಗಿರಾಕಿಯ ಗುರುತೋ ಬರೆದಿಟ್ಟಿರುವುದು, ಇವಳು ತೊಳೆದು ಬಿಡುವುದು ಇಪ್ಪತ್ತು ವರ್ಷದ ಅಭ್ಯಾಸ. ಉಜ್ಜಿದಳು. ಅಂಚಿನಲ್ಲಿ ಒಂದು ಚೂರೂ ಉಳಿಯದ ಹಾಗೆ, ಚೆನ್ನಾಗಿ ಉಜ್ಜಿದಳು.

ಬುಗುರಿ ನಡೆದುಕೊಂಡು ಬಂದ. ಮಳೆ ಆಗಷ್ಟೇ ಹನಿಯಲು ಶುರುವಾಗಿತ್ತು. "ಚಿಕ್ಕಮ್ಮ, ಇದು ನನ್ನ ಗಾಡೀನೇ ಹೌದಾ? ಮುಖ ನೋಡಿ ತಲೆ ಬಾಚ್ಕೋಬೋದು," ಎಂದ. ಆಮೇಲೆ ಮುಂದಿನ ಚಕ್ರದ ಬಳಿ ಬಗ್ಗಿ, ಟೈರಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ಹಿಂದಕ್ಕೆ ಹೋಗಿ ಅಲ್ಲಿಯೂ ಹಾಗೇ ನೋಡಿದ. "ಚಿಕ್ಕಪ್ಪ ಓಡಿಸಿಬಿಟ್ಟಿದಾರೆ, ಸರಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇವಳಿಗೆ ಅದರ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಅವನು ಹೋದ. ರಕ್ತದ ಪೆಟ್ಟಿಗೆ ಕಟ್ಟಿಸಿಕೊಂಡು ಆಸ್ಪತ್ರೆಯ ಕಡೆಗೆ ಹೊರಟವನು, ಸೇತುವೆಗೆ ಮುಂಚಿನ ತಿರುವಿನಲ್ಲಿ, ನೂರು ಸಲ ವಾಲಿಸಿದ ಹಾಗೆಯೇ ಗಾಡಿ ವಾಲಿಸಿದ.

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅದನ್ನು ಇನ್ನೊಬ್ಬ ತೆಗೆದುಕೊಂಡು ಹೋಗಿ ತಲುಪಿಸಿದನಂತೆ.

ಆಸ್ಪತ್ರೆಯ ಓಣಿಯಂಥ ಮೊಗಸಾಲೆಯಲ್ಲಿ, ಹಸಿರು ಬಣ್ಣದ ಬೆಂಚಿನ ಮುಂದೆ, ಗಂಡ ಹಣೆ ಹಣೆ ಬಡಿದುಕೊಂಡು ಹೇಳಿದ. "ನಾನೇ ಕೈಯಾರೆ ಗೆರೆ ಎಳೆದಿಟ್ಟಿದ್ದೆ. ಗೆರೆ ಕಂಡೂ ತಗೊಂಡು ಹೋಗಿದಾನಲ್ಲಪ್ಪಾ! ಒದ್ದೇಲಿ ಅದು ಜಾರುತ್ತೆ ಅಂತ ಅವನಿಗೆ ಗೊತ್ತಿಲ್ವಾ? ಅವನೇ ನನಗೆ ಹೇಳಿಕೊಟ್ಟಿದ್ದು!" ಗೆರೆ ಎಂದರೇನು ಎಂದು ಯಾರೋ ಕೇಳಿದರು. ಗಂಡ ಬಿಡಿಸಿ ಹೇಳಿದ. ಪಂಚರಜ್ಜಿ ಗೋಡೆಗೆ ಒರಗಿ ನಿಂತು, ಬೇರೆಯವರ ಜೊತೆಗೆ ತಾನೂ ಮೊದಲ ಸಲ ಅದನ್ನು ಕೇಳಿದಳು. ಅವಳ ಬೆರಳ ಸಂದಿಯಲ್ಲಿ ಬೆಳಗಿನ ಸೋಪಿನ ವಾಸನೆ ಇನ್ನೂ ಇತ್ತು.

"ನಾನು ಅಟ್ಟಿದೆ," ಎಂದಳು ಅಕ್ಕ. ಅಳಲೂ ಇಲ್ಲ. "ಎದ್ದದ್ದು ತಡ ಅಂತ ಬೈದೆ. ಅಲ್ಲಿ ಯಾರೋ ರಕ್ತಕ್ಕೆ ಕಾಯ್ತಾ ಇರ್ತಾರೆ, ಬೇಗ ಹೋಗೋ, ಬೇಗ ಹೋಗೋ ಅಂದೆ. ಅದಕ್ಕೇ ಗೆರೆ ಕಂಡ್ರೂ ನಿಲ್ಲಲಿಲ್ಲ ನನ್ನ ಮಗ."

ತಂಗಿ ಆಗಲೇ ಬಾಯಿ ಬಿಡಬೇಕಿತ್ತು. ಒಂದೇ ಮಾತು. ತಾಯಿ ಸತ್ತ ಮೇಲೆ ಏಳು ವರ್ಷದ ತಂಗಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದವಳು ಅಕ್ಕ. ಆ ಅಕ್ಕ ತಿರುಗಿ ನೋಡುವ ನೋಟವೊಂದನ್ನು ತಂಗಿ ಮನಸ್ಸಿನಲ್ಲೇ ಕಂಡು, ನಾಳೆ ಹೇಳುತ್ತೇನೆ ಎಂದುಕೊಂಡಳು. ಮಣ್ಣಾದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಗೆರೆಯ ಕಥೆ ಊರೆಲ್ಲ ಹಬ್ಬಿತ್ತು. ರಕ್ತನಿಧಿಯಲ್ಲಿ ಪ್ರತಿ ಮಳೆಗಾಲ ಹೊಸ ಸವಾರರಿಗೆ ಎಚ್ಚರಿಕೆ ಹೇಳುವಾಗ, ಗುರುತು ಕಂಡೂ ದುಡುಕಿದವನೆಂದು ಬುಗುರಿಯ ಹೆಸರು ಎತ್ತುತ್ತಿದ್ದರು.

ಬಾಯಲ್ಲಿ ಬಾರದ್ದು ಕೈಯಲ್ಲಿ ಬರಬಹುದೆಂದು ಅವಳು ಕಾಗದ ಬರೆಯಲು ಕೂತಳು. ಒಂದಲ್ಲ, ಆರೋ ಏಳೋ ಬರೆದಳು. ಗಂಡ ಬದುಕಿರುವಾಗ, ಇದು ತಿಳಿದರೆ ಅವನು ಕುಗ್ಗಿಹೋಗುತ್ತಾನೆ ಎಂಬ ನೆಪವಿತ್ತು. ಅವನು ತೀರಿಕೊಂಡು, ಟೈರಿನ ಕೆಲಸ ಇವಳ ಕೈಗೆ ಬಂದ ಮೇಲೆ, ಅಕ್ಕನಿಗೆ ರಕ್ತದೊತ್ತಡ ಎಂಬ ನೆಪ ಸಿಕ್ಕಿತು. ಕಡೆಯ ಕಾಗದ ಲಕೋಟೆಗೆ ಹೋಗಿ, ಅಂಟಿಸಿಕೊಂಡು, ವಿಳಾಸ ಬರೆಸಿಕೊಂಡು, ಮೇಜಿನ ಡ್ರಾಯರಿನಲ್ಲಿ ಐದು ವರ್ಷದಿಂದ ಬಿದ್ದಿತ್ತು. ಅಕ್ಕ ಭಾನುವಾರ ಫೋನು ಮಾಡುತ್ತಿದ್ದಳು. ಕಾಲುನೋವು, ನಿದ್ದೆ, ಮೊಮ್ಮಗಳ ಶಾಲೆ. ಆ ಕಾಲು ಗಂಟೆ ಇಲ್ಲದಿದ್ದರೆ ಪಂಚರಜ್ಜಿಗೆ ವಾರದಲ್ಲಿ ತನ್ನವರೆನ್ನುವವರ ದನಿಯೇ ಇರುತ್ತಿರಲಿಲ್ಲ. ಅದನ್ನು ಉಳಿಸಿಕೊಳ್ಳಲು ಅವಳು ಅಕ್ಕನ ತಲೆಯ ಮೇಲೆ ಆ ಭಾರವನ್ನು ಬಿಟ್ಟಿದ್ದಳು. ಬೇರೆ ಯಾವ ಕಾರಣವೂ ಇರಲಿಲ್ಲ. ಇದನ್ನು ಅವಳು ತನಗೆ ತಾನೇ ಇಷ್ಟು ಬಿಚ್ಚಿ ಹೇಳಿಕೊಂಡದ್ದು ಇವತ್ತೇ.

"ಅಜ್ಜಿ, ಯಾರಿಗೇನಾಯ್ತು?" ಟಪಾಲಿನವಳು ಎದ್ದು ನಿಂತಿದ್ದಳು. "ಮುಖ ಬಿಳಿಚಿಕೊಂಡಿದೆ. ಕೂತ್ಕೊಳ್ಳಿ. ನೀರು ಕೊಡ್ಲಾ?"

"ಮಗು ಕಾಲು ಸುಟ್ಕೊಂಡಿದೆ. ನನ್ನ ಅಕ್ಕನ ಮೊಮ್ಮಗಳು." ಅಜ್ಜಿ ಫೋನು ಕೆಳಗಿಟ್ಟಳು. "ನೀನು ಕೂತ್ಕೋ. ಗಾಡಿ ಮುಗಿಸ್ತೀನಿ."

ತೂತಿನ ಸುತ್ತ ರಬ್ಬರನ್ನು ಅರದಿಂದ ಉಜ್ಜಿದಳು. ಅಂಟು ಸವರಿ, ಅದು ಆರುವತನಕ ಕಾಯಬೇಕು. ಹಸಿಯಲ್ಲಿ ತೇಪೆ ಹಾಕಿದರೆ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಮೇಜಿನ ಬಳಿಗೆ ಹೋಗಿ ಡ್ರಾಯರು ಎಳೆದಳು. ಲಕೋಟೆ ಒಡೆದು ಓದಿದಳು. ಮೂರು ಹಾಳೆ. ಮೊದಲ ಹಾಳೆ ತುಂಬ ಗಾಡಿ ಎಷ್ಟು ಕೊಳೆಯಾಗಿತ್ತು, ತನಗೆ ಅವನ ಮೇಲೆ ಎಷ್ಟು ಪ್ರೀತಿ, ಅದಕ್ಕೇ ತೊಳೆದದ್ದು. ಎರಡನೆಯದರಲ್ಲಿ ತನಗೆ ಯಾರೂ ಹೇಳಿರಲಿಲ್ಲ, ಗಂಡ ಹೇಳಬೇಕಿತ್ತು. ಮೂರನೆಯದರಲ್ಲಿ ಕ್ಷಮಿಸು, ಕ್ಷಮಿಸು. ಇಷ್ಟು ಉದ್ದದ ಕಾಗದದಲ್ಲಿ ಅಕ್ಕನ ವಿಷಯ ಎಲ್ಲೂ ಇರಲಿಲ್ಲ. ಬುಗುರಿ ಬಗ್ಗಿ ನೋಡಿದ್ದೂ ಇರಲಿಲ್ಲ.

ಮೂರನ್ನೂ ಹರಿದು ಬುಟ್ಟಿಗೆ ಹಾಕಿದಳು. ಹೊಸ ಹಾಳೆಯೊಂದನ್ನು ತೆಗೆದು ನಿಂತುಕೊಂಡೇ ಬರೆದಳು.

"ಅಕ್ಕ,

ಬುಗುರಿ ಗೆರೆ ಕಂಡು ಹೋಗಲಿಲ್ಲ. ಗೆರೆ ಇರಲೇ ಇಲ್ಲ. ಗಾಡಿ ತೊಳೆಯುವಾಗ ನಾನು ಅಳಿಸಿಬಿಟ್ಟಿದ್ದೆ. ಅದು ಏನೆಂದು ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ, ಇವರು ಹೇಳಿದಾಗ. ಗೊತ್ತಾದ ಮೇಲೂ ಹತ್ತು ವರ್ಷ ಬಾಯಿ ಬಿಡಲಿಲ್ಲ.

ಹೊರಡುವ ಮುಂಚೆ ಅವನು ಬಗ್ಗಿ ಎರಡೂ ಟೈರು ನೋಡಿದ. ಅಂಚಿನ ಮೇಲೆ ಬೆರಳಿಟ್ಟು ನೋಡಿದ. ಗೆರೆ ಇಲ್ಲ ಅಂತ ನಂಬಿ ಹೋದ. ಜೋರಾಗಿ ಹೋಗಿದ್ದಾನು, ಯಾವಾಗಲೂ ಹೋಗುತ್ತಿದ್ದ. ಆದರೆ ನೋಡದೆ ಹೋಗಲಿಲ್ಲ. ನೀನು ಬೇಗ ಅಂದದ್ದಕ್ಕೆ ಅವನು ಏನನ್ನೂ ಬಿಡಲಿಲ್ಲ. ನಿನ್ನ ಮಾತಿನಿಂದ ಏನೂ ಆಗಿಲ್ಲ.

ಈ ಕಾಗದವನ್ನು ನಿನ್ನ ಮಗಳಿಗೂ ತೋರಿಸು. ಮಗುವನ್ನು ಬೇಗ ಬಾ ಅಂತ ಕರಿ.

ಭಾನುವಾರ ನೀನು ಫೋನ್ ಮಾಡದಿದ್ದರೆ ಯಾಕೆ ಅಂತ ನಾನು ಕೇಳುವುದಿಲ್ಲ.

ನಿನ್ನ ತಂಗಿ"

ತೇಪೆ ಹಚ್ಚಿ, ಸುತ್ತಿಗೆಯ ಹಿಡಿಯಿಂದ ತಟ್ಟಿ, ಟ್ಯೂಬನ್ನು ಟೈರಿನೊಳಗೆ ಕೂರಿಸಿದಳು. ಕಬ್ಬಿಣದ ಪಟ್ಟಿಯಿಂದ ಅಂಚನ್ನು ಒಳಕ್ಕೆ ಮಡಿಸುವಾಗ ಕೈ ಎಂದಿನಂತೆಯೇ ಕೆಲಸ ಮಾಡಿತು. ಗಾಳಿ ತುಂಬಿ, ಚಕ್ರ ಹಾಕಿ, ನಟ್ಟು ಬಿಗಿದು, ಒಮ್ಮೆ ತಿರುಗಿಸಿ ನೋಡಿದಳು.

"ಇದನ್ನೂ ತಗೊಂಡು ಹೋಗು," ಎಂದು, ಹೊಸ ಕಾಗದ ಹಾಕಿ ವಿಳಾಸ ಬರೆದ ಲಕೋಟೆ ಚಾಚಿದಳು. "ನಿನ್ನ ಹತ್ರ ಚೀಟಿ ಇದ್ರೆ ಅಂಟಿಸು."

ಟಪಾಲಿನವಳು ಚೀಲದ ಒಳಜೇಬಿನಿಂದ ಅಂಚೆಚೀಟಿ ತೆಗೆದು, ನಾಲಿಗೆಗೆ ಒತ್ತಿ ಅಂಟಿಸಿದಳು. ವಿಳಾಸ ಓದಿದಳು. "ಪಕ್ಕದ ಊರು ತಾನೇ? ಈಗ ತಾನೇ ಫೋನಲ್ಲಿ ಮಾತಾಡಿದ್ರಲ್ಲ ಅಜ್ಜಿ, ಅದ್ರಲ್ಲೇ ಹೇಳೋದಲ್ವಾ?"

"ಅದ್ರಲ್ಲಿ ಹೇಳೋ ಹಾಗಿದ್ದಿದ್ರೆ ಹತ್ತು ವರ್ಷ ಯಾಕೆ ಬೇಕಿತ್ತು?"

ಟಪಾಲಿನವಳು ಅವಳ ಮುಖ ನೋಡಿದಳು. "ಈಗ್ಲೇ ಹೇಳ್ಬಿಡ್ತೀನಿ ಅಜ್ಜಿ. ಚೀಲಕ್ಕೆ ಹಾಕಿದ್ಮೇಲೆ ಇದು ನಿಮ್ದಲ್ಲ, ಅವರ್ದು. ಆಮೇಲೆ ಕೊಡು ಅಂದ್ರೂ ನಾನು ಕೊಡೋ ಹಾಗಿಲ್ಲ."

ಅಜ್ಜಿಯ ಕೈ ತಾನಾಗಿ ಒಂದು ಗೇಣು ಮುಂದಕ್ಕೆ ಬಂದಿತು. ಬೆರಳುಗಳಲ್ಲಿ ಟೈರಿನ ಕಪ್ಪು. ಅದನ್ನು ಹಿಂದಕ್ಕೆ ಎಳೆದುಕೊಂಡು, ಬೆನ್ನ ಹಿಂದೆ ಕಟ್ಟಿಕೊಂಡಳು.

"ಹಾಕು."

ಲಕೋಟೆ ಬೇರೆ ಕಾಗದಗಳ ನಡುವೆ ಇಳಿಯಿತು. ಟಪಾಲಿನವಳು ಚೀಲದ ಬಾಯಿ ಬಿಗಿದು, ಮೇಲೆ ರಬ್ಬರಿನ ಹೊದಿಕೆ ಎಳೆದು, ಹೆಲ್ಮೆಟ್ಟು ಹಾಕಿಕೊಂಡಳು. "ನಾಡಿದ್ದು ಮಧ್ಯಾಹ್ನಕ್ಕೆ ಅವರ ಕೈಲಿರುತ್ತೆ," ಎಂದು ಗಾಡಿ ಒದ್ದು ಶುರುಮಾಡಿದಳು. ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ ಇತ್ತು. ರಸ್ತೆ ಕನ್ನಡಿಯಂತೆ ಹೊಳೆಯುತ್ತಿತ್ತು.

ಅಜ್ಜಿ ಶಟರಿನ ಕೆಳಗೆ ನಿಂತು ಕಿವಿಗೊಟ್ಟಳು. ಮೂಲೆಗೆ ಮುಂಚೆಯೇ ಇಂಜಿನ್ನಿನ ಸದ್ದು ತಗ್ಗಿತು. ಸರಿಯಾಗಿ, ತಿರುವಿಗೆ ಮುಂಚೆ. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ, ನೇರ ರಸ್ತೆಯ ಆ ತುದಿಯಲ್ಲಿ, ಸದ್ದು ಮತ್ತೆ ಏರಿತು, ಏರುತ್ತ ಹೋಯಿತು, ನೀರನ್ನು ಸೀಳಿಕೊಂಡು ಅಂಚೆ ಕಚೇರಿಯ ಕಡೆಗೆ ದೂರವಾಯಿತು.